ಹಿಪ್ಪೆ ಎಣ್ಣೆಯೂ ಅಮ್ಮಣ್ಣಿ ಕಣ್ಣೂ

ನಮ್ಮನೆ ದೇವರಾಣೆ, ನಡೆದದ್ದು ಕಣ್ರಪ್ಪ ಇದು. ನಾಕಕ್ಷರ ಓದಿದೋರು ಸುಳ್ಳು ಅಂದ್ರೆ ಅನ್ಲಿ. ಈ ಸೀಮೇಲಿ ಇದನ್ನ ನನ್ನಷ್ಟು ನೆಟ್ಟಗೆ ಹೇಳೋನು ಇನ್ನೊಬ್ಬ ಹುಟ್ಟಿಲ್ಲ.

ಹೊಸಬೆಟ್ಟದ ದೊರೆ ತಿಮ್ಮರಾಜ ಊರೂರಿಗೆ ತಮಟೆ ಹೊಡೆಸ್ದ. ಮಗಳು ಹೊನ್ನಾಜಮ್ಮಣ್ಣಿ ಮೂರು ಒಗಟು ಕೇಳ್ತಾಳೆ, ಮೂರನ್ನೂ ಬಿಡಿಸ್ದೋನಿಗೆ ಕೇಳಿದ್ದು ಕೊಡ್ತೀವಿ, ಒಂದು ತಪ್ಪಿದ್ರೂ ಅಮಾಸೆ ದಿನ ತಲೆ ತೆಗೀತೀವಿ ಅಂತ ಸಾರ್ಸ್ದ.

ಆ ಒಗಟು ಕಟ್ಟಿದ್ದು ಅಮ್ಮಣ್ಣಿಯ ಅಜ್ಜಿ. ಮಗು ಕಣ್ಣು ಉರಿ ಅಂದಾಗೆಲ್ಲ ಅಜ್ಜಿ ತೊಡೆ ಮೇಲೆ ಮಲಗಿಸ್ಕೊಂಡು, ಕಣ್ಣು ಮುಚ್ಚು ಅಂದು ಅದೇನೋ ಮಾಡೋಳು. ಉರಿ ಇಳಿಯೋದು. ಏನಜ್ಜಿ ಅದು ಅಂದ್ರೆ ಒಗಟು ಹಾಕೋಳು, ದೊಡ್ಡೋಳಾಗಿ ನೀನೇ ಬಿಡಿಸ್ಕೋ, ಉತ್ತರ ಸರಿಯೋ ತಪ್ಪೋ ನಿನ್ನ ಕಣ್ಣೇ ಹೇಳ್ತದೆ ಅನ್ನೋಳು. ಬಿಡಿಸೋಕೆ ಮುಂಚೆ ಅಜ್ಜಿ ಮಣ್ಣಾದ್ಲು. ಕಣ್ಣು ಮುಚ್ಚಿದ್ದ ಮಗೂಗೆ ಅಜ್ಜಿ ಸೆರಗಿನ ವಾಸನೆ ಒಂದೇ ನೆಪ್ಪು. ಈಗ ಪ್ರಾಯದೋಳು; ರೆಪ್ಪೆ ಅಂಚು ಕೆಂಪಗೆ, ಒಳಗೆ ಮರಳು ಬಿದ್ದಂಗೆ, ದೀಪ ನೋಡೋಕಾಗಲ್ಲ. ಒಗಟು ಬಿಡಿಸೋನಿಗೆ ಅಜ್ಜಿ ಮದ್ದೂ ಗೊತ್ತಿರ್ತದೆ ಅಂತ ದೊರೆ ಲೆಕ್ಕ.

ಮೊದಲು ಒಬ್ಬ ಪಾಳೇಗಾರನ ಮಗ ಕುದುರೆ ಮೇಲೆ ಬಂದ. ಅಮ್ಮಣ್ಣಿ ಕೇಳಿದ್ಲು: "ಕೆರೆ ಕೋಡಿ ಬಿದ್ದು ಹರೀತದೆ, ಅಂಗಳ ಮಾತ್ರ ಒಣಗಿ ಬಿರೀತದೆ. ಯಾವ ಕೆರೆ?" ತೂಬು ಕಿತ್ತೋದ ಕೆರೆ ಅಂದ. ಕತ್ಲೆ ಕೋಣೆಗೆ ಹಾಕಿದ್ರು.

ಆಮೇಲೆ ಒಬ್ಬ ಪಂಡಿತ. ಮೊದಲ್ನೇದು ಕಣ್ಣು ಅಂತ ಬಿಡಿಸ್ಬಿಟ್ಟ. ಎರಡ್ನೇದು: "ನೀರಿನ ಮೇಲೆ ಮಲಗಿ ನೀರ್ನ ಕಾಯೋನು ಯಾರು?" ಪಂಡಿತ ಕೈ ಮುಗಿದು, ಹಾಲ್ಗಡಲ ಮೇಲೆ ಮಲಗಿರೋ ನಾರಾಯಣ ಅಂದ. ಅವನೂ ಒಳಗೆ.

ಅರಮನೆ ವೈದ್ಯ ಎರಡನ್ನ ದಾಟ್ದ. ಮೂರ್ನೇದು: "ಕಣಜದ ತುಂಬ ಸರಕು, ಬಾಗಿಲಿಗೆ ಅದೇ ಸರಕು ಅಡ್ಡ. ಒಡದ್ರೆ ಮನೆ ಹಾಳು. ಏಟಿಲ್ದೆ ತೆಗೆಯೋನು ಯಾರು?" ಸೂಜಿ ಮೊನೆ ಅಂದ ಪುಣ್ಯಾತ್ಮ. ಅವನನ್ನೂ ಕತ್ಲೆ ಕೋಣೆಗೆ ತಳ್ಳಿದ್ರು. ಅಲ್ಲೀಗಂಟ ಅವನು ಅವಳ ಕಣ್ಣಿಗೆ ಪನ್ನೀರು ಬಿಟ್ಟೂ ಬಿಟ್ಟೂ ಇನ್ನಷ್ಟು ಉರಿ ಹಚ್ಚಿದ್ದ.

ಗಾಣದ ಮುದ್ದ ತಿಂಗಳಿಗೊಂದ್ಸಲ ಅರಮನೆ ದೀಪಕ್ಕೆ ಹಿಪ್ಪೆ ಎಣ್ಣೆ ಹೊತ್ಕೊಂಡು ಬರೋನು. ಆವತ್ತು ಬೆಳಕಿಗೆ ಅಮ್ಮಣ್ಣಿ ಕಣ್ಣು ಪಿಳಿಪಿಳಿ ಮಾಡೋದು ಕಂಡ. ಅವನ ಅವ್ವ ಸಣ್ಣಕ್ಕ ಹಿಂಗೇ ಮಾಡೋಳು, ಒಲೆ ಹೊಗೆ ಮುಂದೆ ಕೂತು. ಅವ್ವ ಹೋಗಿ ಆರು ವರ್ಷ. ಗಾಣದ ಕಿರುಗುಟ್ಟೋ ಸದ್ದು, ಅವ್ವನ ಗೊಣಗಾಟ, ಹಿಂಡಿ ವಾಸನೆ, ಎಲ್ಲ ಒಂದೇ ಸಲ ಬಂದು ಎದೆ ಮೇಲೆ ಕೂತಂಗಾಯ್ತು. ಎಣ್ಣೆ ಕೊಡ ಕೆಳಗಿಟ್ಟು, ನಾನೂ ಹೇಳ್ತೀನಿ ಅಂದ.

ದೊರೆ ನಕ್ಕ. "ಎಣ್ಣೆ ಅಳೆಯೋನೆ, ತಲೆ ಭಾರ ಆಯ್ತೇನೋ ನಿಂಗೆ?"

"ಒಳಗೆ ಹೆಚ್ಚೇನೂ ಇಲ್ಲ ಬುದ್ಧಿ, ಹಗುರವಾಗೇ ಅದೆ."

ಅಮ್ಮಣ್ಣಿ ಮೂರನ್ನೂ ಕೇಳಿದ್ಲು. ಮುದ್ದ ನಿಧಾನಕ್ಕೆ ಶುರು ಹಚ್ಕೊಂಡ. ಕೆರೆ ಅಂದ್ರೆ ಕಣ್ಣು. ಒಣಗಿದ್ದಕ್ಕೆ ಉರಿ, ಉರಿಗೆ ನೀರು, ಸುರೀತದೆ, ನಿಲ್ಲಲ್ಲ. ನೀರು ಕಾಯೋನು ಎಣ್ಣೆ. ಮೇಲೆ ತೆಳ್ಳಗೆ ಹರಡಿದ್ರೆ ಗಾಳಿ ನೀರ್ನ ಕುಡಿಯಲ್ಲ.

"ವೈದ್ಯನೂ ಎಣ್ಣೆ ಅಂದ. ಕಣ್ಣಿಗೆ ಅದು ಎಲ್ಲಿಂದ ಬಂತೋ?" ಅಂದ ದೊರೆ.

"ರೆಪ್ಪೆ ಅಂಚಲ್ಲಿ ಸಣ್ಣ ಸಣ್ಣ ಗಾಣ ಅವೆ ಬುದ್ಧಿ. ಮಾಗಿ ಚಳೀಲಿ ನಮ್ಮ ಹಿಪ್ಪೆ ಎಣ್ಣೆ ಕೊಡದ ಮೂತೀಲಿ ತುಪ್ಪದಂಗೆ ಗಟ್ಟಿಯಾಯ್ತದಲ್ಲ, ಹಂಗೆ ಅವುಗಳ ಬಾಯಿ ಕಟ್ಟಿದೆ. ನಾನು ಚಿಕ್ಕೋನಿದ್ದಾಗ ಮೂತಿಗೆ ಕಡ್ಡಿ ಹಾಕಿ ತಿವಿದು ಕೊಡ ಒಡೆದೆ. ಅವ್ವ ಬೆನ್ನಿಗೆರಡು ಬಿಟ್ಟು, ಬಿಸಿನೀರಲ್ಲಿ ಹಿಂಡಿದ ಬಟ್ಟೆ ಇನ್ನೊಂದು ಕೊಡಕ್ಕೆ ಸುತ್ತಿದ್ಲು. ಎಣ್ಣೆ ತಾನೇ ಇಳೀತು. ಹೊಗೆಗೆ ಕಣ್ಣು ಉರಿದ್ರೆ ಅವ್ವ ಅಂಥದ್ದೇ ಬಟ್ಟೆ ರೆಪ್ಪೆ ಮೇಲೆ ಇಟ್ಕೊಳೋಳು. ಏಟಿಲ್ದೆ ಬಾಗಿಲು ತೆಗೆಯೋದು ಶಾಖ."

ಬರೀ ಬಾಯಿಮಾತಿಗೆ ದೊರೆ ಒಪ್ಪಲಿಲ್ಲ. ಇಪ್ಪತ್ತೊಂದು ದಿನ ಗಡುವು, ಕಣ್ಣು ತಣ್ಣಗಾಗ್ದಿದ್ರೆ ನಾಕು ತಲೆ ಒಟ್ಟಿಗೆ ಅಂದ.

ಮುದ್ದ ಬಾಗಿಲಾಚೆ ನಿಂತು ದಾಸಿಗೆ ಹೇಳ್ಕೊಟ್ಟ. ಮಡಿ ಬಟ್ಟೆ ಬಿಸಿನೀರಲ್ಲಿ ಹಿಂಡಿ ಮೊದಲು ನಿನ್ನ ಮಣಿಕಟ್ಟಿಗೆ ಇಟ್ಟು ನೋಡು, ಚುರ್ ಅನ್ಬಾರ್ದು. ಮುಚ್ಚಿದ ಕಣ್ಣ ಮೇಲೆ ಒಂದು ಎಲೆಅಡಿಕೆ ಹಾಕ್ಕೊಳೋ ಹೊತ್ತು ಇಡು, ಆರಿದ್ರೆ ಬದಲಾಯ್ಸು. ಆಮೇಲೆ ಮೇಲಿನ ರೆಪ್ಪೆ ಕೆಳಕ್ಕೆ, ಕೆಳಗಿನದು ಮೇಲಕ್ಕೆ, ಹೂವು ನೇವರಿಸ್ದಂಗೆ ನೇವರ್ಸು, ಅಂಚು ಒರ್ಸು. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ. ಕಸೂತಿಗೆ ಕೂತಾಗ ಅಮ್ಮಣ್ಣಿ ಅರ್ಧ ರೆಪ್ಪೆ ಬಡೀಬಾರ್ದು, ಪೂರ್ತಿ ಮುಚ್ಚಿ ತೆಗೀಬೇಕು.

ಮೊದಲ್ನೇ ಬಟ್ಟೆ ಇಟ್ಟಿದ್ದೇ ತಡ ಅಮ್ಮಣ್ಣಿ ದಾಸಿ ಕೈ ಹಿಡ್ಕೊಂಡ್ಲು. ಇದೇ, ನಮ್ಮಜ್ಜಿ ಮಾಡ್ತಿದ್ದದ್ದು ಇದೇ ಅಂದ್ಲು. ಆದ್ರೂ ಒಂದು ವಾರ ಉರಿ ತಗ್ಗಲಿಲ್ಲ. ಹತ್ತನೇ ದಿನ ದೊರೆ ಕತ್ತಿ ಮಸೆಸ್ದ. "ಅಪ್ಪಾಜಿ, ಅದನ್ನ ಒಳಗಿಡಿ," ಅಂದ್ಲು ಮಗಳು. "ನಮ್ಮಜ್ಜೀದೂ ಹಿಂಗೇ ನಿಧಾನ."

ಇಪ್ಪತ್ತನೇ ದಿನ ಅವಳು ದೀಪದ ಮುಂದೆ ಕೂತು, ಒರೆಸ್ಕೊಳ್ದೆ, ಒಂದು ಮೊಳ ಕಸೂತಿ ಹಾಕಿದ್ಲು.

ದೊರೆ ಏನು ಬೇಕೋ ಅಂದ. ಕತ್ಲೆ ಕೋಣೇಲಿರೋ ಮೂವರನ್ನ ಬಿಡಿ, ಕೆರೆ ಪಕ್ಕದ ಹಿಪ್ಪೆತೋಪು ಕೊಡಿ ಅಂದ ಮುದ್ದ. ನನ್ನನ್ನ ಕೇಳ್ಲಿಲ್ಲವಲ್ಲ ಅಂದ್ಲು ಅಮ್ಮಣ್ಣಿ.

"ಅಷ್ಟು ಕೇಳೋಕೆ ತಲೆ ಇನ್ನೂ ಕತ್ತಿನ ಮೇಲೆ ಗಟ್ಟಿಯಾಗಿ ಕೂತಿರ್ಲಿಲ್ಲ ತಾಯಿ."

ಮದುವೆ ಆಯ್ತು. ಆ ತೋಪಲ್ಲಿ ಹಿಪ್ಪೆ ಹೂವು ಬಿಟ್ರೆ ಹರದಾರಿ ದೂರಕ್ಕೆ ಘಮ್ಮನ್ನೋದು, ನಾನು ಮೂಸಿದ್ದೀನಿ. ಈಗ ತೋಪೂ ಇಲ್ಲ, ಗಾಣವೂ ಇಲ್ಲ. ಇಷ್ಟೆಲ್ಲ ಬಲ್ಲ ನಾನೇ ಕಣ್ಣು ಉರೀತು ಅಂತ ಸಂತೆಯೋನ ಹತ್ರ ಕಣ್ಣಿಗೆ ಬಿಡೋ ಹಸಿರು ನೀರು, ಕೆಂಪು ನೀರು ತಗೊಂಡೆ. ಕೊನೆಗೆ ನಮ್ಮ ಹೆಂಗಸು ಬೈಕೊಂಡು ಬಿಸಿ ಬಟ್ಟೆ ಇಟ್ಲು. ಹೋದದ್ದು ಮುನ್ನೂರ ಎಪ್ಪತ್ತೆರಡು ರೂಪಾಯಿ ಎಂಟಾಣೆ.