ಟಗರಿನ ಒಪ್ಪಿಗೆ

ಮಾಳವ್ವ ತನ್ನ ಹಿತ್ತಿಲಲ್ಲಿ ಐದೇ ಐದು ಕುರಿ ಸಾಕಿದ್ದಳು. ಅವುಗಳಲ್ಲಿ ಒಂದು ಟಗರು ಊರಮ್ಮನ ಹರಕೆಗೆ ಮೀಸಲಾಗಿತ್ತು. ಬಲಿಯ ದಿನ ಬೆಳಗ್ಗೆ ಅದು ಮುದಿ ಕುರಿಗೆ ಹೆಮ್ಮೆಯಿಂದ ಹೇಳಿತು:

"ಅಜ್ಜಿ, ಇಂದು ನನ್ನ ಮೇಲೆ ನೀರು ಹಾಕುತ್ತಾರೆ. ದೇವಿ ಒಪ್ಪಿದರೆ ಅವಳೇ ನನ್ನೊಳಗೆ ಬಂದು ಮೈ ಕೊಡವುತ್ತಾಳಂತೆ; ಕೊಡವಿದರೆ ಮಾತ್ರ ಬಲಿಯಂತೆ."

"ಮೊನ್ನೆ ಮಳೆಯಲ್ಲಿ ನೆನೆದು ನಾವೈವರೂ ಮೈ ಕೊಡವಿದೆವಲ್ಲ, ಮಗಾ. ಆಗ ಯಾವ ದೇವಿ ಬಂದಿದ್ದಳು?"

ಮೊದಲ ಬಾರಿಗೆ ಟಗರಿಗೆ ಭಯವಾಯಿತು.

"ಹಾಗಾದರೆ ನಾನೇನು ಮಾಡಲಿ?"

"ಕೊಡವಬೇಡ."

ಗುಡಿಯ ಮುಂದೆ ಪೂಜಾರಿ ಒಂದು ತಂಬಿಗೆ ಅರಿಶಿನದ ನೀರು ಸುರಿದ. ಟಗರು ಕಾಲೂರಿ ನಿಂತಿತು. ಎರಡನೆಯ ತಂಬಿಗೆಗೂ ಅದು ಅಲುಗಲಿಲ್ಲ.

"ಏನು ಮಾಳವ್ವಾ, ಇದಕ್ಕೂ ನಿನ್ನ ಹಟವನ್ನೇ ಕಲಿಸಿದ್ದೀಯಲ್ಲ!" ಎಂದು ನಕ್ಕ ಪೂಜಾರಿ, ಮೂರನೆಯದನ್ನು ಕಿವಿಯ ಮೇಲೆಯೇ ಹೊಯ್ದ. ಹನಿಯೊಂದು ಕಿವಿಯೊಳಗೆ ಇಳಿಯಿತು. ಟಗರು ಎಷ್ಟು ತಡೆದರೂ ಅದರ ಚರ್ಮ ತಾನಾಗಿಯೇ ನಡುಗತೊಡಗಿತು. ಆಗ ಮಾಳವ್ವ ಅದರ ಕೊರಳ ಹಾರ ಸರಿಪಡಿಸುವವಳಂತೆ ಬಾಗಿ, ಸೆರಗಿನ ತುದಿಯಿಂದ ಆ ಕಿವಿಯನ್ನು ಒರೆಸಿದಳು.

ಎಲ್ಲರೂ ಕಾದರು. ಟಗರು ಕೊಡವಲಿಲ್ಲ.

"ದೇವಿ ಒಲ್ಲೆನೆಂದಳು," ಎಂದ ಪೂಜಾರಿ. ಜನ ಭಕ್ತಿಯಿಂದ ಕೈಮುಗಿದರು.

ಹಿತ್ತಿಲು ಸೇರಿದೊಡನೆ ಟಗರು ಮೈಯನ್ನೆಲ್ಲ ಕೊಡವಿ ಕೂಗಿತು: "ಎಲ್ಲ ಸುಳ್ಳು, ಅಜ್ಜಿ! ಬರೀ ಒದ್ದೆ ಉಣ್ಣೆ!"

"ಮೆಲ್ಲಗೆ ಮಾತಾಡು," ಎಂದಿತು ಮುದಿ ಕುರಿ. "ಇಂದು ನಿನ್ನನ್ನು ಉಳಿಸಿದ್ದೂ ಅದೇ ಸುಳ್ಳು."