ನಿದ್ದೆ ಗೆದ್ದ ಬಾಣಂತಿ

ಹೊಳೆದಂಡೆಯ ಆಶ್ರಮದಲ್ಲಿ ಮುರಿಗೆವ್ವ ಎಂಬ ಗುರು ಇದ್ದಳು. ವಯಸ್ಸಾದವಳು. ಮದುವೆಯಾಗಿರಲಿಲ್ಲ, ಮಕ್ಕಳಿರಲಿಲ್ಲ. ಮಾತು ಕಡಿಮೆ, ಸಿಟ್ಟು ಜಾಸ್ತಿ ಎಂದು ಸುತ್ತಲ ಊರಿನವರು ಹೇಳುತ್ತಿದ್ದರು. ಹಾಗೆಂದು ಅವಳಲ್ಲಿಗೆ ಬರುವುದನ್ನೇನೂ ಬಿಟ್ಟಿರಲಿಲ್ಲ.

ಅವಳ ಶಿಷ್ಯರಲ್ಲಿ ದೇಮವ್ವ ಒಬ್ಬಳು. ದೇಮವ್ವನ ಗಂಡ ಕಲ್ಲಿನಾಥನೂ ಅಲ್ಲಿಯ ಶಿಷ್ಯನೇ. ಆಶ್ರಮದ ಬೇಲಿಯಾಚೆಗೇ ಅವರ ಮನೆ.

ಕಲ್ಲಿನಾಥನಿಗೆ ಒಳ್ಳೆಯ ಕಂಠವಿತ್ತು. ಸೋಮವಾರದ ಸತ್ಸಂಗದಲ್ಲಿ ಅವನೇ ಪ್ರವಚನ ಹೇಳುತ್ತಿದ್ದ. ದೇಮವ್ವನಲ್ಲಿ ಪ್ರಶ್ನೆಗಳಿದ್ದವು. ಅವಳು ಕೇಳಿದ್ದಕ್ಕೆ ಕೆಲವೊಮ್ಮೆ ಗುರುವೇ, "ತಡೆ, ಯೋಚಿಸಿ ಹೇಳುತ್ತೇನೆ" ಎನ್ನುತ್ತಿದ್ದಳು.

ದೇಮವ್ವ ಹೆಣ್ಣು ಮಗುವನ್ನು ಹೆತ್ತಳು. ತವರಿನಲ್ಲಿ ತಾಯಿ ಇರಲಿಲ್ಲವಾದ್ದರಿಂದ ಬಾಣಂತನ ಗಂಡನ ಮನೆಯಲ್ಲೇ ಆಯಿತು. ಆಯಿತು ಎನ್ನುವುದು ಬರೀ ಮಾತಿಗೆ. ಮಗುವಿಗೆ ಹೆಸರಿಟ್ಟ ಮಾರನೆಯ ದಿನವೇ ಅತ್ತೆ ಸಂಗವ್ವ ಬಾಣಂತಿ ಮಲಗುವ ಹೊರಸನ್ನು ಎತ್ತಿ ಗೋಡೆಗೆ ನಿಲ್ಲಿಸಿದಳು.

"ಇನ್ನು ಎದ್ದು ಓಡಾಡು. ಮೈ ಸಡಿಲಾಗುತ್ತದೆ."

ದೇಮವ್ವ ಎದ್ದಳು. ಕಸ ಗುಡಿಸಿದಳು, ನೀರು ತಂದಳು, ಅಡುಗೆ ಮಾಡಿದಳು. ಮಗು ಹಗಲೆನ್ನದೆ ಇರುಳೆನ್ನದೆ ಅಳುತ್ತಿತ್ತು. ಎತ್ತಿಕೊಂಡು ತಿರುಗಿದಳು, ಹಾಲು ಕೊಟ್ಟಳು, ಮತ್ತೆ ತಿರುಗಿದಳು. ಕಲ್ಲಿನಾಥ ಗೋಡೆಯ ಕಡೆ ಹೊರಳಿ ಮಲಗುತ್ತಿದ್ದ. ಬೆಳಗಿನ ಪೂಜೆಗೆ ಅವನು ಬೇಗ ಏಳಬೇಕಿತ್ತು.

ಓಣಿಯ ಹೆಂಗಸರು ನೋಡಿ ಮೆಚ್ಚಿದರು. "ತಾಯಿ ಅಂದರೆ ಹೀಗಿರಬೇಕು ನೋಡಿ. ಹೆತ್ತಿದ್ದಾಳೆ ಅಂತ ಗೊತ್ತೇ ಆಗುವುದಿಲ್ಲ."

ಒಂದು ಮಧ್ಯಾಹ್ನ ದೇಮವ್ವ ಮಗುವನ್ನು ಎತ್ತಿಕೊಂಡು ಗುರುವಿನ ಬಳಿ ಬಂದಳು. ಸೀರೆಯ ಅಂಚು ಒದ್ದೆಯಾಗಿತ್ತು. ಕುಪ್ಪಸದ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡಿದ್ದಳು. ಅದು ಅವಳ ಗಮನಕ್ಕೇ ಬಂದಿರಲಿಲ್ಲ.

"ಅವ್ವಾರೇ, ನನಗೊಂದು ವ್ರತ ಕೊಡಿ."

"ಎಂಥ ವ್ರತ?"

"ಸಹನೆಯ ವ್ರತ. ನನ್ನ ಸಹನೆ ಸಾಲುತ್ತಿಲ್ಲ."

"ಯಾವುದಕ್ಕೆ ಸಾಲುತ್ತಿಲ್ಲ?"

ದೇಮವ್ವ ತಲೆ ತಗ್ಗಿಸಿದಳು.

"ಮಗು ಅತ್ತರೆ ನನಗೆ ಕರುಣೆ ಬರುವುದಿಲ್ಲ, ಸಿಟ್ಟು ಬರುತ್ತದೆ. ಧ್ಯಾನಕ್ಕೆ ಕೂತರೆ ತೂಕಡಿಕೆ. ಮಲಗೋಣ ಅಂದರೆ ಅಳು. ತಾಯಿಯಾದವಳಿಗೆ ಹೀಗೆಲ್ಲ ಆಗಬಾರದು. ನನ್ನಲ್ಲೇ ಏನೋ ಪಾಪ ಇದೆ. ಉಪವಾಸ ಹೇಳಿ, ಜಪ ಹೇಳಿ. ಏನು ಹೇಳಿದರೂ ಮಾಡುತ್ತೇನೆ."

ಮುರಿಗೆವ್ವ ಅವಳ ಮುಖವನ್ನೇ ನೋಡಿದಳು.

"ನಿನ್ನೆ ಏನು ಉಂಡೆ?"

ದೇಮವ್ವ ನೆನಪು ಮಾಡಿಕೊಳ್ಳಲು ನೋಡಿದಳು. ಆಗಲಿಲ್ಲ.

"ಕಣ್ಣು ತುಂಬ ಮಲಗಿದ್ದು ಯಾವಾಗ?"

"ಬಸುರಿ ಇದ್ದಾಗ."

ಗುರು ಎರಡೂ ಕೈ ಚಾಚಿದಳು. "ಮಗು ಇಲ್ಲಿ ಕೊಡು. ಆ ಚಾಪೆಯ ಮೇಲೆ ಮಲಗು."

"ಅಯ್ಯೋ, ನಾನು ವ್ರತ ಕೇಳಿದೆ ಅವ್ವಾರೇ."

"ಅದನ್ನೇ ಕೊಟ್ಟೆ."

"ಒಲೆಯ ಮೇಲೆ ಬೇಳೆ ಇಟ್ಟು ಬಂದಿದ್ದೀನಿ. ಅತ್ತೆ ಹುಡುಕುತ್ತಾರೆ. ಹಸುಗೂಸನ್ನು ಇನ್ನೊಬ್ಬರ ಕೈಗೆ ಕೊಟ್ಟು ಹಗಲು ಹೊತ್ತಿನಲ್ಲಿ ಮಲಗಿದರೆ ನೋಡಿದವರು ಏನಂದುಕೊಂಡಾರು?"

ಮುರಿಗೆವ್ವನ ದನಿ ಏರಿತು.

"ಕಾಲ ಮೇಲೆ ನಿಲ್ಲಲಾರದಷ್ಟು ದಣಿದಿದ್ದೀಯ. ಅದರ ಮೇಲೆ ಇನ್ನೊಂದು ಹೊರೆ ಹೊರಿಸು ಅಂತ ನನ್ನನ್ನೇ ಕೇಳುತ್ತೀಯ! ಉಣ್ಣದವಳಿಗೆ ಉಪವಾಸ ಹೇಳಲೇ? ನಾನು ಗುರುವೋ, ಕಟುಕರವಳೋ?"

ದೇಮವ್ವ ಬೆದರಿದಳು. ಗುರುವಿಗೆ ತನ್ನ ಮೇಲೇ ಸಿಟ್ಟು ಬಂತೆಂದುಕೊಂಡಳು. ಮಗುವನ್ನು ಎದೆಗೆ ಅವಚಿಕೊಂಡು ಸರಸರನೆ ಮನೆಗೆ ನಡೆದುಬಿಟ್ಟಳು.

ಸಂಜೆ ಆಶ್ರಮದಿಂದ ಒಂದು ಚೊಂಬು ಮೆಣಸಿನ ಸಾರು ಬಂತು. ಬೆಳ್ಳುಳ್ಳಿ ಜಜ್ಜಿ ಹಾಕಿದ, ಬಿಸಿಬಿಸಿ ಸಾರು. ಗುರು ಕಳಿಸಿದ್ದೆಂದ ಮೇಲೆ ಪ್ರಸಾದವೇ ಸರಿ ಎಂದು ಸಂಗವ್ವ ಅದನ್ನು ಮನೆಮಂದಿಗೂ ನೆರೆಮನೆಗೂ ಹಂಚಿದಳು. ಕೊನೆಗೆ ದೇಮವ್ವನ ಪಾಲಿಗೆ ಒಂದು ಗುಟುಕು ಬಂತು. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಕುಡಿದಳು.

ಮಾರನೆಯ ದಿನ ಸತ್ಸಂಗ. ಆಶ್ರಮದ ಜಗಲಿ ತುಂಬಿತ್ತು. ಮುರಿಗೆವ್ವ ಕಂಬಳಿ ಹಾಸಿದ ತನ್ನ ಪೀಠದ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು. ಕಲ್ಲಿನಾಥ ಅಂದು ತಾಯ್ತನದ ಬಗ್ಗೆ ಹೇಳಲು ಶುರುಮಾಡಿದ.

"ತಾಯಿ ಎಂದರೆ ಭೂಮಿ. ಅಗೆದರೂ ಸುಮ್ಮನಿರುತ್ತಾಳೆ, ಉತ್ತರೂ ಸುಮ್ಮನಿರುತ್ತಾಳೆ. ಉದಾಹರಣೆಗೆ ದೂರ ಯಾಕೆ ಹೋಗಬೇಕು? ನನ್ನ ಮನೆಯಲ್ಲೇ ನೋಡಿ. ಮಗು ಹುಟ್ಟಿದಾಗಿನಿಂದ ನನ್ನ ಹೆಂಡತಿ ಒಂದು ರಾತ್ರಿಯೂ ಸರಿಯಾಗಿ ಮಲಗಿಲ್ಲ. ಕೂತು ಉಂಡಿದ್ದನ್ನು ನಾನು ಕಂಡಿಲ್ಲ. ಆದರೂ ಒಂದು ಮಾತು ಆಡಿದವಳಲ್ಲ. ಯೋಗಿಗಳು ವರ್ಷಗಟ್ಟಲೆ ಸಾಧನೆ ಮಾಡಿ ನಿದ್ದೆಯನ್ನು ಗೆಲ್ಲುತ್ತಾರೆ. ಇವಳು ಅಡುಗೆಮನೆಯಲ್ಲಿದ್ದುಕೊಂಡೇ ಗೆದ್ದಳು!"

ಜನ ಆಹಾ ಎಂದರು. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಬಗ್ಗಿ ದೇಮವ್ವನ ಪಾದ ಮುಟ್ಟಿದಳು.

ದೇಮವ್ವ ಕಂಬಕ್ಕೆ ಒರಗಿ ಕೂತಿದ್ದಳು. ಮಡಿಲಲ್ಲಿ ಮಗು ಮುಲುಗುತ್ತಿತ್ತು. ಗಂಡನ ಮಾತು ಅವಳ ಕಿವಿಗೆ ಬಿತ್ತು, ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

ಹೋಯಿತು.

ಇವರಿಗೆ ಗೊತ್ತಿದೆ. ನಾನು ಮಲಗಿಲ್ಲ ಎಂಬುದು ಗೊತ್ತಿದೆ. ಉಂಡಿಲ್ಲ ಎಂಬುದೂ ಗೊತ್ತಿದೆ. ಪಾಪ, ಇವರಿಗೆ ತಿಳಿಯುವುದಿಲ್ಲ ಎಂದುಕೊಂಡೇ ಅವಳು ಇಷ್ಟು ದಿನ ಅವನನ್ನು ಕ್ಷಮಿಸುತ್ತ ಬಂದಿದ್ದಳು.

"ನಾನು ಗೆದ್ದಿಲ್ಲ" ಎಂದಳು.

ಕಲ್ಲಿನಾಥ ಮಾತು ನಿಲ್ಲಿಸಿದ. ತಲೆಗಳು ತಿರುಗಿದವು.

"ನಾನು ನಿದ್ದೆ ಗೆದ್ದಿಲ್ಲ. ನನಗೆ ನಿದ್ದೆ ಬೇಕು. ನೀವು ನನ್ನ ನಿದ್ದೆ ಕಿತ್ತುಕೊಂಡಿದ್ದೀರಿ. ಕಿತ್ತುಕೊಂಡದ್ದೂ ಅಲ್ಲದೆ, ಇವಳಿಗೆ ನಿದ್ದೆಯೇ ಬೇಡ ಅಂತ ಜಗಲಿಯ ಮೇಲೆ ಕೂತು ಹೇಳುತ್ತಿದ್ದೀರಿ. ನಿಮಗೆ ಗೊತ್ತಿತ್ತಲ್ಲ! ಗೊತ್ತಿದ್ದ ಮೇಲೆ ಒಂದೇ ಒಂದು ಸಲ ಎದ್ದು ಮಗುವನ್ನು ಯಾಕೆ ಎತ್ತಿಕೊಳ್ಳಲಿಲ್ಲ?"

ಸಂಗವ್ವ ಧಡಕ್ಕನೆ ಎದ್ದಳು. "ಬಾಯಿ ಮುಚ್ಚು! ಗುರುಗಳ ಎದುರು ಗಂಡನ ಮಾನ ಕಳೆಯುತ್ತೀಯಾ?"

ಮುರಿಗೆವ್ವ ಕಣ್ಣು ತೆರೆದಳು. ಪೀಠದಿಂದ ಇಳಿದು ದೇಮವ್ವನ ಬಳಿಗೆ ಬಂದಳು. ಈ ಸಲ ಕೇಳಲಿಲ್ಲ, ಮಗುವನ್ನು ತಾನೇ ಎತ್ತಿಕೊಂಡಳು. ನೇರ ಹೋಗಿ ಕಲ್ಲಿನಾಥನ ತೊಡೆಯ ಮೇಲೆ ಮಲಗಿಸಿದಳು.

"ಪ್ರವಚನ ಮುಂದುವರಿಸು."

ಮಗು ಕಿರುಚಿಕೊಂಡಿತು. ಕಲ್ಲಿನಾಥ ದನಿ ಏರಿಸಿದ. ಮಗು ಅವನಿಗಿಂತ ಹೆಚ್ಚು ಏರಿಸಿತು. ಅವನು ತೊಡೆ ಅಲುಗಿಸಿದ, ಬೆನ್ನು ತಟ್ಟಿದ, ಕೊನೆಗೆ ಹೆಂಡತಿಯ ಕಡೆ ನೋಡಿದ.

"ಅಳುತ್ತಿದೆ ಅವ್ವಾರೇ."

"ಕೇಳಿಸುತ್ತಿದೆ. ಭೂಮಿಯ ಹಾಗೆ ಸುಮ್ಮನಿರು, ನೋಡೋಣ."

ಯಾರೋ ನಕ್ಕರು. ಮುರಿಗೆವ್ವ ಆ ಕಡೆ ತಿರುಗಿದಳು.

"ನಗಬೇಡಿ. ಈಗ ತಾನೇ ಆಹಾ ಅಂದವರು ನೀವೇ."

ಗುರು ದೇಮವ್ವನ ಕೈ ಹಿಡಿದು ಎಬ್ಬಿಸಿ ತನ್ನ ಪೀಠದ ಬಳಿಗೆ ಕರೆದುಕೊಂಡು ಹೋದಳು. ಕಂಬಳಿ ಕೊಡವಿ ಹಾಸಿದಳು.

"ಮಲಗು."

ದೇಮವ್ವ ಈ ಸಲ ಬೇಡವೆನ್ನಲಿಲ್ಲ. ಅವಳು ಮಲಗಿದಳು.

ಸಂಗವ್ವ ತಡೆಯಲಾರದೆ ಹೋದಳು. "ಗುರುಪೀಠದ ಮೇಲೆ ಬಾಣಂತಿ ಮಲಗುವುದೇ? ಯಾವ ಶಾಸ್ತ್ರ ಇದು? ನಾವೂ ಹೆತ್ತಿದ್ದೇವೆ ಅವ್ವಾರೇ. ಹೆತ್ತ ಕೆಲವೇ ದಿನಕ್ಕೆ ಬೀಸುಕಲ್ಲಿನ ಮುಂದೆ ಕೂತಿದ್ದೇವೆ. ನಮ್ಮನ್ನು ಯಾರು ಮಲಗಿಸಿದರು? ತಪ್ಪು ತಿಳಿಯಬೇಡಿ, ನೀವು ಹೆತ್ತವರಲ್ಲ. ನಿಮಗೆ ಹೇಗೆ ಗೊತ್ತಾಗಬೇಕು?"

"ಹೌದು, ನಾನು ಹೆತ್ತವಳಲ್ಲ" ಎಂದಳು ಮುರಿಗೆವ್ವ. "ಆದರೆ ನನ್ನನ್ನು ಹೆತ್ತವಳು ಒಬ್ಬಳಿದ್ದಳು."

ಮುರಿಗೆವ್ವ ಊರಿನ ಕಡೆ ಕೈ ತೋರಿಸಿದಳು.

"ಊರ ಮುಂದೆ ಮಹಾತಾಯಿಯ ಗುಡಿ ಇದೆಯಲ್ಲ. ಶುಕ್ರವಾರ ನೀನೂ ಎಣ್ಣೆ ಹಾಕುತ್ತೀಯ. ಅದು ಯಾರ ಗುಡಿ?"

"ಮಕ್ಕಳನ್ನು ಕಾಯುವ ದೇವಿಯದು."

"ನನ್ನ ತಾಯಿಯದು. ನಾನು ಮೊಲೆ ಕುಡಿಯುತ್ತಿದ್ದಾಗಲೇ ಅವಳು ಈ ಹೊಳೆಗೆ ಇಳಿದಳು. ಅವಳೂ ಒಂದು ಮಾತು ಆಡಿದವಳಲ್ಲವಂತೆ. ಅವಳನ್ನೂ ಇದೇ ಊರು ಹೊಗಳಿತ್ತಂತೆ. ಬದುಕಿದ್ದಾಗ ಒಂದು ಮಧ್ಯಾಹ್ನ ನೆರಳಲ್ಲಿ ಮಲಗಲು ಬಿಡದವರು, ಸತ್ತ ಮೇಲೆ ಕಲ್ಲಿನ ಗುಡಿ ಕಟ್ಟಿ ತಂಪಾಗಿ ಕೂರಿಸಿದರು. ಹಸಿದಾಗ ಉಂಡೆಯಾ ಎಂದು ಕೇಳದವರು ಈಗ ಎಡೆ ಇಡುತ್ತಾರೆ. ನಾನು ಆ ಗುಡಿಯೊಳಗೆ ಒಂದು ದಿನವೂ ಕಾಲಿಟ್ಟಿಲ್ಲ. ನನಗೆ ಗುಡಿ ಬೇಕಿರಲಿಲ್ಲ. ತಾಯಿ ಬೇಕಿತ್ತು."



ಮುರಿಗೆವ್ವ ಸಂಗವ್ವನ ಹತ್ತಿರ ಬಂದು ದನಿ ತಗ್ಗಿಸಿದಳು. "ನಿನ್ನನ್ನು ಯಾರೂ ಮಲಗಿಸಲಿಲ್ಲ. ಅದು ಅನ್ಯಾಯ. ಮಲಗಿಸದವರ ಮೇಲೆ ನಿನಗೆ ಸಿಟ್ಟು ಬರಬೇಕಿತ್ತು ಸಂಗವ್ವ. ಈ ಹುಡುಗಿಯ ಮೇಲೆ ಯಾಕೆ ಬಂತು?"

ಸಂಗವ್ವ ನಿಂತಲ್ಲೇ ಕೂತಳು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

ದೇಮವ್ವನಿಗೆ ಕೇಳಿಸಿದ್ದು ಅಷ್ಟೇ. ಕಂಬಳಿ ಚುಚ್ಚುತ್ತಿತ್ತು. ಅದೂ ಹಿತವೆನಿಸಿತು. ನಿದ್ದೆ ಬಂತು.

ನಡುವೆ ಮಗುವಿಗೆ ಹಸಿವಾದಾಗ ಯಾರೋ ತಂದು ಪಕ್ಕದಲ್ಲಿ ಮಲಗಿಸಿದರು. ಕುಡಿದ ಮೇಲೆ ಎತ್ತಿಕೊಂಡು ಹೋದರು. ಅವಳು ಪೂರ್ತಿ ಎಚ್ಚರಗೊಂಡಾಗ ದೀಪ ಹಚ್ಚುವ ಹೊತ್ತು. ಜನ ಹೋಗಿದ್ದರು. ಕಲ್ಲಿನಾಥ ಅಂಗಳದಲ್ಲಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಆಚೆಯಿಂದ ಈಚೆಗೆ ನಡೆಯುತ್ತಿದ್ದ. ಅವನ ಅಂಗಿ ಒದ್ದೆಯಾಗಿತ್ತು.

ಮುರಿಗೆವ್ವ ಗಂಜಿಯ ಬಟ್ಟಲು ತಂದು ಮುಂದಿಟ್ಟಳು. ದೇಮವ್ವ ಕುಡಿದಳು. ಕುಡಿದು ಬಟ್ಟಲು ಕೆಳಗಿಟ್ಟು ಮೆಲ್ಲಗೆ ಹೇಳಿದಳು.

"ನಿಮ್ಮ ತಾಯಿಯ ಹಾಗೆ ನಾನೂ ಹೊಳೆಯೊಳಗೆ ನಿಂತಿದ್ದೆ."

"ಯಾವಾಗ?"

"ನಿನ್ನೆ. ವ್ರತ ಕೇಳಲು ಬಂದದ್ದು ಅಲ್ಲಿಂದಲೇ."

ಗುರು ದೇಮವ್ವನ ಅಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬಂದೆಯಲ್ಲ. ಒಳ್ಳೆಯದು ಮಾಡಿದೆ. ನಾನು ಸಿಟ್ಟು ಮಾಡಿ ನಿನ್ನನ್ನು ಹಿಂದಕ್ಕೆ ಹೋಗಗೊಟ್ಟೆ. ಅದು ನನ್ನ ತಪ್ಪು."

"ನನ್ನ ಯೋಚನೆ ಪಾಪವಲ್ಲವಾ?"

"ಜ್ವರ ಬಂದರೆ ಪಾಪವಾ? ಹೆತ್ತ ಮೈಗೆ ಕಾಯಿಲೆ ಬರುತ್ತದೆ, ಹೆತ್ತ ಮನಸ್ಸಿಗೂ ಬರುತ್ತದೆ. ಮುಚ್ಚಿಟ್ಟರೆ ಏರುತ್ತದೆ. ಬೆಳಗ್ಗೆ ವೈದ್ಯೆಯನ್ನು ಕರೆಸುತ್ತೇನೆ. ಅಲ್ಲಿಯ ತನಕ ಒಬ್ಬಳೇ ಹೊಳೆಗೆ ಹೋಗಬೇಡ. ಆ ಯೋಚನೆ ಮತ್ತೆ ಬಂದ ಕೂಡಲೇ ಬಂದು ಹೇಳು. ನಾನು ಮಲಗಿದ್ದರೆ ಎಬ್ಬಿಸು. ಪೂಜೆಗೆ ಕೂತಿದ್ದರೂ ಎಬ್ಬಿಸು."

"ನನಗೆ ಅವರ ಮೇಲೆ ಇನ್ನೂ ಸಿಟ್ಟಿದೆ ಅವ್ವಾರೇ. ಎಲ್ಲರ ಮೇಲೂ."

"ಇರಲಿ. ನನ್ನ ತಾಯಿ ಒಂದು ದಿನ ಸಿಟ್ಟಾಗಿದ್ದರೆ ನಾನು ಅವಳ ಮುಖ ನೋಡುತ್ತಿದ್ದೆ."

ವೈದ್ಯೆ ಬಂದಳು. ಬಹಳ ಹೊತ್ತು ದೇಮವ್ವನ ಜೊತೆ ಕೂತು ಮಾತಾಡಿಸಿದಳು. ಔಷಧಿ ಕೊಟ್ಟಳು, ಮನೆಯವರನ್ನು ಕರೆದು ನಿದ್ದೆಯೂ ಊಟವೂ ಔಷಧಿಯೇ ಎಂದು ಹೇಳಿದಳು. ವಾಸಿಯಾಗಲು ಹೊತ್ತು ಹಿಡಿಯುತ್ತದೆ ಎಂದಳು. ಹಿಡಿಯಿತು. ಕೆಲವು ದಿನ ದೇಮವ್ವ ನಕ್ಕಳು. ಕೆಲವು ದಿನ ಕತ್ತಲು ಮತ್ತೆ ಮೈಮೇಲೆ ಬಂತು. ಬಂದಾಗ ಬೇಲಿ ದಾಟಿ ಹೋಗಿ ಗುರುವಿಗೆ ಹೇಳಿದಳು.

ಮುರಿಗೆವ್ವ ಕಲ್ಲಿನಾಥನ ಪ್ರವಚನ ನಿಲ್ಲಿಸಿದಳು. ಅವನು ಮಗುವಿನ ಬಟ್ಟೆ ಹೊತ್ತು ಹೊಳೆಗೆ ಹೋದ. ಊರವರು ನಕ್ಕರು. ಮೊದಮೊದಲು ನಾಚಿಕೆಯಿಂದ, ತಲೆ ಬಗ್ಗಿಸಿಕೊಂಡು ಒಗೆದ. ಆಮೇಲೆ ಬಟ್ಟೆಯ ಕಡೆ ಗಮನ ಕೊಟ್ಟು ಒಗೆದ. ಮಗುವನ್ನು ಎದೆಗೆ ಒರಗಿಸಿಕೊಂಡು ಸಣ್ಣ ದನಿಯಲ್ಲಿ ಗುನುಗಿದರೆ ಅದು ಮಲಗುತ್ತದೆ ಎಂಬುದನ್ನು ತಾನೇ ಕಂಡುಕೊಂಡ.

ಒಂದು ಸಂಜೆ ಅವನು ಹೆಂಡತಿಗೆ, "ನನಗೆ ಗೊತ್ತಿತ್ತು" ಎಂದ. ಅಷ್ಟೇ ಹೇಳಲು ಅವನಿಂದಾದದ್ದು.

"ನನಗೂ ಗೊತ್ತಾಯಿತು" ಎಂದಳು ದೇಮವ್ವ. ತಕ್ಷಣಕ್ಕೆ ಕ್ಷಮಿಸಲಿಲ್ಲ.

ಸಂಗವ್ವ ಹೊರಸನ್ನು ಇಳಿಸಿ ಹಾಸಿದಳು. ಸೊಸೆಯ ಜೊತೆ ಹೆಚ್ಚು ಮಾತಾಡಲಿಲ್ಲ. ಊಟದ ತಟ್ಟೆ ತಂದು ಕುಕ್ಕಿದ ಹಾಗೆ ಇಡುತ್ತಿದ್ದಳು. ಆದರೆ ಅವಳು ಉಂಡು ಮುಗಿಸುವವರೆಗೆ ಎದುರಿಗೇ ಕೂತಿರುತ್ತಿದ್ದಳು.

ಮಗು ಕತ್ತು ನಿಲ್ಲಿಸಿತು, ಮಗುಚಿಕೊಂಡಿತು.

ಒಂದು ದಿನ ದೇಮವ್ವ ಗುರುವಿನ ಮುಂದೆ ಬಂದು ಕೂತಳು.

"ಒಂದು ತಪ್ಪು ಒಪ್ಪಿಕೊಳ್ಳಬೇಕಿತ್ತು."

"ಹೇಳು."

"ಇವತ್ತು ನಾನು ಉಣ್ಣುತ್ತಿದ್ದಾಗ ಮಗು ಅತ್ತಿತು. ಅವರು ಎತ್ತಿಕೊಂಡಿದ್ದರು. ಆದರೂ ಅದು ನನ್ನನ್ನೇ ನೋಡುತ್ತ ಅಳುತ್ತಿತ್ತು. ನಾನು ಏಳಲಿಲ್ಲ ಅವ್ವಾರೇ. ತಟ್ಟೆಯಲ್ಲಿದ್ದ ಒಂದು ರೊಟ್ಟಿ ಪೂರ್ತಿ ಉಂಡು, ಕೈ ತೊಳೆದು, ಆಮೇಲೆ ಎತ್ತಿಕೊಂಡೆ."

"ಎತ್ತಿಕೊಂಡ ಮೇಲೆ?"

"ಸುಮ್ಮನಾಯಿತು. ನನ್ನ ಮೂಗು ಹಿಡಿದುಕೊಂಡು ನಕ್ಕಿತು."

ದೇಮವ್ವನ ಕಣ್ಣು ತುಂಬಿ ಬಂತು. "ಅದಕ್ಕೇ ಇನ್ನಷ್ಟು ಸಂಕಟವಾಯಿತು. ಇದಕ್ಕೆ ಪ್ರಾಯಶ್ಚಿತ್ತ ಇಲ್ಲವಾ?"

"ಇದೆ" ಎಂದಳು ಮುರಿಗೆವ್ವ. "ನಾಳೆ ಎರಡು ರೊಟ್ಟಿ ಉಣ್ಣು."