ನವಿಲು ಕೊಂಡ ತೋಟದ ಮನೆ

ಇಟಲಿಯ ಗುಡ್ಡದ ಮೇಲೆ ಜೀರ್ಣೋದ್ಧಾರಗೊಂಡ ಹಳೇ ತೋಟದ ಮನೆಯೊಂದನ್ನು ನವಿಲು ಕೊಂಡಿತು. ಕೊಡಿಸಿದ ದಲ್ಲಾಳಿ ನರಿ, "ಮುನ್ನೂರು ವರ್ಷದ ಕಲ್ಲುಗೋಡೆ, ಮಹಾಸ್ವಾಮಿ! ಕೆಳಗಿದ್ದ ಕೊಟ್ಟಿಗೆಯನ್ನು ತೊಳೆದು ಅಮೃತಶಿಲೆ ಹಾಸಿದ್ದೇವೆ. ಕತ್ತೆಯನ್ನೂ ಹೊರಗಟ್ಟಿದ್ದೇವೆ" ಎಂದಿತು.

"ಒಳ್ಳೆಯದಾಯಿತು, ನನಗೆ ಆ ವಾಸನೆ ಆಗದು" ಎಂದಿತು ನವಿಲು.

ಚಳಿಗಾಲ ಬಂತು. ಮಹಡಿಯಲ್ಲಿ ಮಲಗಿದ್ದ ನವಿಲಿನ ಒಂದೊಂದು ಗರಿಯೂ ನಡುಗಿತು. ಅದು ಕಿಟಕಿಯಿಂದ ಬಗ್ಗಿ, ಬೇಲಿಯಾಚೆ ನಿಂತಿದ್ದ ಕತ್ತೆಯನ್ನು ಕೇಳಿತು: "ಅಯ್ಯಾ, ಹಿಂದಿನವರು ಈ ಮನೆಯಲ್ಲಿ ಹೇಗಿದ್ದರು?"

"ಬೆಚ್ಚಗಿದ್ದರು. ಕೆಳಗೆ ನಾವು ಮಲಗುತ್ತಿದ್ದೆವು, ನಮ್ಮ ಮೈಬಿಸಿ ಮೇಲಕ್ಕೇರುತ್ತಿತ್ತು."

ನವಿಲು ಕೆಳಗಿಳಿದು ಬಂತು. ರತ್ನಗಂಬಳಿ ಸುತ್ತಿಟ್ಟು, ಅಮೃತಶಿಲೆಯ ಮೇಲೆ ತಾನೇ ಹುಲ್ಲು ಹಾಸಿ, ಬಾಗಿಲು ತೆರೆದು, "ಒಳಗೆ ದಯಮಾಡಿಸಬೇಕು" ಎಂದಿತು.

ಕತ್ತೆ ಕಾಲು ಒರೆಸಿಕೊಳ್ಳದೆ ಒಳಗೆ ಬಂತು.